ಕಲಿಕೆಯ ಪಕ್ಷಪಾತವನ್ನು ಕೆಲಸಕ್ಕೆ ಹಚ್ಚುವುದು ಹೇಗೆ

ಪ್ರತಿಫಲವನ್ನು ನೋಡುತ್ತ ಕಲಿಯುವ ಮನುಷ್ಯ ಒಳ್ಳೆಯ ಫಲಿತಾಂಶಕ್ಕೆ ಹೆಚ್ಚು ತೂಕ ಕೊಡುತ್ತಾನೆ, ಕೆಟ್ಟದ್ದಕ್ಕೆ ಕಡಿಮೆ. ತಾನು ಆರಿಸಿಕೊಂಡದ್ದು ಸರಿ ಎನ್ನುವ ಸುಳಿವನ್ನು ಬೇಗ ನಂಬುತ್ತಾನೆ, ಅಲ್ಲ ಎನ್ನುವ ಸುಳಿವನ್ನು ನಿಧಾನವಾಗಿ. ಸಿಕ್ಕಿದ್ದರ ಬೆಲೆಯನ್ನು ಅದರ ಅಕ್ಕಪಕ್ಕದಲ್ಲಿದ್ದದ್ದಕ್ಕೆ ಹೋಲಿಸಿಯೇ ಅಳೆಯುತ್ತಾನೆ. ಇವೆಲ್ಲಕ್ಕೂ ಪಕ್ಷಪಾತವೆಂಬ ಹೆಸರಿದೆ, ಮತ್ತು ಆ ಪದದೊಳಗೇ ಒಂದು ಆರೋಪ ಅಡಗಿರುವುದರಿಂದ ಇವನ್ನು ಹೇಗಾದರೂ ಕಳೆದುಕೊಳ್ಳಬೇಕೆಂಬ ಸಲಹೆಯೇ ಸಾಮಾನ್ಯವಾಗಿ ಕೇಳಿಬರುತ್ತದೆ. ನನ್ನ ಅಭಿಪ್ರಾಯ ಬೇರೆ. ಒಂದೇ ಪಕ್ಷಪಾತವು ಒಂದು ಬಗೆಯ ಕೆಲಸದಲ್ಲಿ ನಷ್ಟ ತಂದು, ಇನ್ನೊಂದು ಬಗೆಯ ಕೆಲಸದಲ್ಲಿ ನಿಷ್ಪಕ್ಷಪಾತವಾದ ಲೆಕ್ಕಕ್ಕಿಂತಲೂ ಹೆಚ್ಚಿನ ಲಾಭ ತರಬಲ್ಲದು. ಆದ್ದರಿಂದ ಮೊದಲು ಕೆಲಸದ ಸ್ವಭಾವವನ್ನು ಗುರುತಿಸಿ, ಅದಕ್ಕೆ ಹೊಂದುವ ಪಕ್ಷಪಾತವನ್ನು ತಿಳಿದೇ ಬಳಸಿಕೊಳ್ಳುವುದು ಜಾಣತನ. ಹಾಗೆ ಬಳಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಒಂದೇ ಬಗೆಯ ಆಯ್ಕೆಯನ್ನು ಮತ್ತೆ ಮತ್ತೆ ಮಾಡುತ್ತ, ಫಲಿತಾಂಶ ನೋಡಿ ತಿದ್ದಿಕೊಳ್ಳುವ ಯಾರಿಗಾದರೂ ಇದು ಉಪಯೋಗಕ್ಕೆ ಬರುತ್ತದೆ: ವಾದ್ಯ ಅಭ್ಯಾಸ ಮಾಡುವವರು, ಹೊಸ ಭಾಷೆ ಕಲಿಯುವವರು, ಇತರರಿಗೆ ತರಬೇತಿ ಕೊಡುವವರು.

ಕಲಿಕೆಯ ಲೆಕ್ಕ

ಮುಂದಿನದೆಲ್ಲವೂ ಒಂದು ಸರಳ ಸೂತ್ರದ ಮೇಲೆ ನಿಂತಿದೆ. 1972ರಲ್ಲಿ ರಾಬರ್ಟ್ ರೆಸ್ಕೋರ್ಲಾ ಮತ್ತು ಅಲನ್ ವ್ಯಾಗ್ನರ್ ಎಂಬ ಮನೋವಿಜ್ಞಾನಿಗಳು ಮಂಡಿಸಿದ ಮಾದರಿಯ ಪ್ರಕಾರ, ಕಲಿಕೆಯೆಂದರೆ ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ವ್ಯತ್ಯಾಸದ ಒಂದು ಪಾಲನ್ನು ಹಳೆಯ ಅಂದಾಜಿಗೆ ಸೇರಿಸುವುದು. ಆ ಪಾಲು ಎಷ್ಟೆಂಬುದೇ ಕಲಿಕೆಯ ದರ. ನಿರೀಕ್ಷೆಯಷ್ಟೇ ಸಿಕ್ಕರೆ ಕಲಿಯುವುದೇನೂ ಇಲ್ಲ; ಹೆಚ್ಚು ಸಿಕ್ಕರೆ ಅಂದಾಜು ಏರುತ್ತದೆ, ಕಡಿಮೆ ಸಿಕ್ಕರೆ ಇಳಿಯುತ್ತದೆ. ಮಿದುಳಿನಲ್ಲಿಯೂ ಇಂಥದೊಂದು ಲೆಕ್ಕ ನಡೆಯುತ್ತದೆಂಬ ವಾದವನ್ನು ವೋಲ್ಫ್‌ರಾಮ್ ಶುಲ್ಟ್ಸ್, ಪೀಟರ್ ಡಯಾನ್ ಮತ್ತು ರೀಡ್ ಮಾಂಟೇಗ್ 1997ರಲ್ಲಿ ಮುಂದಿಟ್ಟರು. ಕೋತಿಗಳಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳು ಚುರುಕಾಗುತ್ತಿದ್ದವು. ನಿರೀಕ್ಷಿಸಿದ ರಸ ಸಿಗದೆ ಹೋದಾಗ, ಅದು ಸಿಗಬೇಕಾಗಿದ್ದ ಹೊತ್ತಿನಲ್ಲಿಯೇ ಅವುಗಳ ಚಟುವಟಿಕೆ ಸಾಮಾನ್ಯ ಮಟ್ಟಕ್ಕಿಂತ ಕೆಳಗಿಳಿಯುತ್ತಿತ್ತು.

ಈ ಸೂತ್ರದಲ್ಲಿ ಕಲಿಕೆಯ ದರ ಒಂದೇ ಇರಬೇಕೆಂಬ ನಿಯಮವಿಲ್ಲ. ಏರುವಾಗ ಒಂದು ದರ, ಇಳಿಯುವಾಗ ಇನ್ನೊಂದು ದರ ಇರಬಹುದು, ಮತ್ತು ಮನುಷ್ಯರಲ್ಲಿ ಅನೇಕ ವೇಳೆ ಹಾಗೆಯೇ ಇರುತ್ತದೆ. ಇದು ಮನೋಧರ್ಮದ ಮಾತಷ್ಟೇ ಅಲ್ಲ. 2004ರಲ್ಲಿ ಮೈಕೆಲ್ ಫ್ರಾಂಕ್ ಮತ್ತು ಸಂಗಡಿಗರು ಪಾರ್ಕಿನ್ಸನ್ ಕಾಯಿಲೆ ಇರುವವರನ್ನು ಪರೀಕ್ಷಿಸಿದಾಗ, ಡೋಪಮೈನ್ ಹೆಚ್ಚಿಸುವ ಔಷಧಿಯ ಪ್ರಭಾವದಲ್ಲಿದ್ದಾಗ ಅವರು ಒಳ್ಳೆಯ ಫಲಿತಾಂಶದಿಂದಲೂ, ಔಷಧಿ ಇಲ್ಲದಿದ್ದಾಗ ಕೆಟ್ಟ ಫಲಿತಾಂಶದಿಂದಲೂ ಹೆಚ್ಚು ಚೆನ್ನಾಗಿ ಕಲಿಯುತ್ತಿದ್ದುದು ಕಂಡುಬಂತು. ಈ ಎರಡು ದರಗಳನ್ನು ಇನ್ನು ಮುಂದೆ ಗೆಲುವಿನ ದರ, ಸೋಲಿನ ದರ ಎಂದು ಕರೆಯುತ್ತೇನೆ.

ಪ್ರತಿಫಲ ಎಷ್ಟು ವಿರಳವೆಂದು ಮೊದಲು ಎಣಿಸಿ

ಯಾವ ಪಕ್ಷಪಾತ ಬೇಕೆಂದು ತೀರ್ಮಾನಿಸುವ ಮೊದಲು, ನಿಮ್ಮ ಕೆಲಸದಲ್ಲಿ ಯಶಸ್ಸು ಎಷ್ಟು ಸಲಕ್ಕೊಮ್ಮೆ ಸಿಗುತ್ತದೆ ಎಂಬುದನ್ನು ಎಣಿಸಿ. ಅಂದಾಜು ಮಾಡಬೇಡಿ, ಒಂದೆರಡು ವಾರ ನಿಜವಾಗಿಯೂ ಬರೆದಿಡಿ. ಈ ಎಣಿಕೆಯೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಕಾರಣವನ್ನು ಒಂದು ಲೆಕ್ಕದ ಮೂಲಕ ನೋಡೋಣ.

ನಿಮ್ಮ ಮುಂದೆ ಎರಡು ವಿಧಾನಗಳಿವೆ. ಒಂದು ನೂರಕ್ಕೆ 10 ಸಲ ಫಲ ಕೊಡುತ್ತದೆ, ಇನ್ನೊಂದು 20 ಸಲ. ಈ ಸಂಖ್ಯೆಗಳು ನಿಮಗೆ ಗೊತ್ತಿಲ್ಲ, ಪ್ರಯತ್ನಿಸಿಯೇ ಕಲಿಯಬೇಕು. ಗೆಲುವಿನ ದರ ಮತ್ತು ಸೋಲಿನ ದರ ಸಮವಾಗಿದ್ದರೆ ನಿಮ್ಮ ಅಂದಾಜುಗಳು ಕಾಲಕ್ರಮದಲ್ಲಿ ಸರಾಸರಿಯಾಗಿ 10 ಮತ್ತು 20ರ ಬಳಿ ಬಂದು ನಿಲ್ಲುತ್ತವೆ. ಇದು ಸತ್ಯವಾದ ಚಿತ್ರ, ಆದರೆ ಅಂತರ ಕೇವಲ 10. ಈಗ ಗೆಲುವಿನ ದರವು ಸೋಲಿನ ದರದ ನಾಲ್ಕು ಪಟ್ಟು ಇದೆಯೆಂದುಕೊಳ್ಳಿ. ಅಂದಾಜುಗಳು ಸುಮಾರು 31 ಮತ್ತು 50ಕ್ಕೆ ಏರುತ್ತವೆ. ಎರಡೂ ಸುಳ್ಳು, ಎರಡೂ ವಾಸ್ತವಕ್ಕಿಂತ ಬಹಳ ಹೆಚ್ಚು. ಆದರೆ ಅವುಗಳ ನಡುವಣ ಅಂತರ 19 ಆಗಿದೆ, ಅಂದರೆ ಹೆಚ್ಚುಕಡಿಮೆ ಇಮ್ಮಡಿ. ಆಯ್ಕೆ ಮಾಡುವವನಿಗೆ ಬೇಕಾದದ್ದು ಯಾವುದು ಮೇಲು ಎಂಬ ಸ್ಪಷ್ಟತೆಯೇ ಹೊರತು ಎಷ್ಟು ಮೇಲು ಎಂಬ ನಿಖರತೆಯಲ್ಲವಾದ್ದರಿಂದ, ಇಲ್ಲಿ ಆಶಾವಾದಿಯ ತಪ್ಪು ಲೆಕ್ಕವು ನಿಷ್ಪಕ್ಷಪಾತಿಯ ಸರಿಯಾದ ಲೆಕ್ಕಕ್ಕಿಂತ ಹೆಚ್ಚು ಉಪಯುಕ್ತ.

ಇದೇ ಆಶಾವಾದಿಯನ್ನು ಪ್ರತಿಫಲ ಧಾರಾಳವಾಗಿರುವ ಕಡೆ ನಿಲ್ಲಿಸಿ ನೋಡಿ. ಒಂದು ವಿಧಾನ 80 ಸಲ, ಇನ್ನೊಂದು 90 ಸಲ ಫಲ ಕೊಡುತ್ತದೆ. ಅವನ ಅಂದಾಜುಗಳು ಸುಮಾರು 94 ಮತ್ತು 97 ಆಗುತ್ತವೆ, ಅಂತರ 3ಕ್ಕೆ ಕುಗ್ಗುತ್ತದೆ. ಎಲ್ಲವೂ ಚೆನ್ನಾಗಿಯೇ ಕಾಣುವುದರಿಂದ ಅವನಿಗೆ ಯಾವುದನ್ನು ಆರಿಸಬೇಕೆಂದೇ ತಿಳಿಯುವುದಿಲ್ಲ. ಇಲ್ಲಿ ಗೆಲ್ಲುವವನು ಸೋಲಿನ ದರವನ್ನು ನಾಲ್ಕು ಪಟ್ಟು ಇಟ್ಟುಕೊಂಡ ನಿರಾಶಾವಾದಿ: ಅವನ ಅಂದಾಜುಗಳು 50 ಮತ್ತು 69, ಅಂತರ ಮತ್ತೆ 19. ರೊಮೆನ್ ಕಜೆ ಮತ್ತು ಮಥಾಯಸ್ ವಾನ್ ಡೆರ್ ಮೇರ್ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ತಿರುಳು ಇದೇ ಆಗಿದೆ.

ಇದರಿಂದ ಹೊರಡುವ ಸೂಚನೆ ಸರಳವಾದರೂ ನಮ್ಮ ರೂಢಿಗೆ ವಿರುದ್ಧವಾದದ್ದು. ಹೆಚ್ಚಿನ ಪ್ರಯತ್ನಗಳು ವಿಫಲವಾಗುವ ಕೆಲಸದಲ್ಲಿ, ಉದಾಹರಣೆಗೆ ಹೊಸ ಕಲ್ಪನೆಗಳನ್ನು ಹುಡುಕುವಾಗ, ಬರಹಗಳನ್ನು ಪ್ರಕಟಣೆಗೆ ಕಳಿಸುವಾಗ ಅಥವಾ ಕಠಿಣವಾದ ಕೌಶಲವೊಂದನ್ನು ಆರಂಭಿಸಿದಾಗ, ಪ್ರತಿ ಗೆಲುವನ್ನೂ ವಿವರವಾಗಿ ದಾಖಲಿಸಿ. ಯಾವ ವಿಧಾನದಿಂದ, ಯಾವ ಸಿದ್ಧತೆಯ ನಂತರ, ಯಾವ ಹೊತ್ತಿನಲ್ಲಿ ಅದು ಸಿಕ್ಕಿತೆಂದು ಬರೆದು, ಮರುದಿನ ಕೆಲಸ ಆರಂಭಿಸುವ ಮೊದಲು ಮತ್ತೊಮ್ಮೆ ಓದಿ. ಸೋಲುಗಳಿಗೆ ಒಂದು ಗೆರೆ ಎಳೆದರೆ ಸಾಕು. ಇನ್ನು, ಬಹುಪಾಲು ಸಲ ಎಲ್ಲವೂ ಸುಗಮವಾಗಿ ಸಾಗುವ ಕೆಲಸದಲ್ಲಿ, ಅಂದರೆ ಕೈಗೆ ಹತ್ತಿದ ದಿನನಿತ್ಯದ ಕಾರ್ಯಗಳಲ್ಲಿ ಅಥವಾ ಯಂತ್ರಗಳ ನಿರ್ವಹಣೆಯಲ್ಲಿ, ಇದನ್ನು ತಿರುವುಮುರುವು ಮಾಡಬೇಕು: ಗೆಲುವಿಗೆ ಗೆರೆ, ಪ್ರತಿ ಸಣ್ಣ ತಪ್ಪಿಗೂ ಒಂದು ಪುಟ. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ಸರಿಯಾಗಿ ಉಲ್ಟಾ. ಹೊಸಬರ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತೇವೆ, ನುರಿತವರ ಯಶಸ್ಸನ್ನು ಕೊಂಡಾಡುತ್ತೇವೆ.

ಒಂದು ಎಚ್ಚರಿಕೆ ಬೇಕು. ಮೇಲಿನ ಸಂಖ್ಯೆಗಳು ದೀರ್ಘಾವಧಿಯ ಸರಾಸರಿಗಳು. ನಿಜವಾದ ಅಂದಾಜು ಆ ಸರಾಸರಿಯ ಸುತ್ತ ಹೊಯ್ದಾಡುತ್ತಿರುತ್ತದೆ, ಮತ್ತು ದರ ದೊಡ್ಡದಾದಷ್ಟೂ ಹೊಯ್ದಾಟವೂ ಹೆಚ್ಚುತ್ತದೆ. ಆದ್ದರಿಂದ ಗೆಲುವಿನ ದರವು ಸೋಲಿನ ದರಕ್ಕಿಂತ ಹೆಚ್ಚಿರಲಿ, ಆದರೆ ಎರಡೂ ಸಣ್ಣವಾಗಿಯೇ ಇರಲಿ. ಒಂದೇ ಒಂದು ಗೆಲುವಿನಿಂದ ಇಡೀ ಯೋಜನೆಯನ್ನು ಬದಲಿಸುವವನು ಇಲ್ಲಿ ಹೇಳಿದ ಆಶಾವಾದಿಯಲ್ಲ, ಬರೀ ಚಂಚಲ.

ಆರಿಸಿಕೊಂಡದ್ದರ ಪರ ವಾಲುವುದು

ಎರಡನೆಯ ಪಕ್ಷಪಾತ ಇನ್ನಷ್ಟು ಕುಖ್ಯಾತವಾದದ್ದು. 2017ರಲ್ಲಿ ಸ್ಟೆಫಾನೊ ಪಾಲ್ಮಿಂಟೆರಿ ಮತ್ತು ಸಹೋದ್ಯೋಗಿಗಳು ನಡೆಸಿದ ಪ್ರಯೋಗದಲ್ಲಿ, ಭಾಗವಹಿಸಿದವರಿಗೆ ತಾವು ಆರಿಸಿದ್ದರ ಫಲಿತಾಂಶದ ಜೊತೆಗೆ ಆರಿಸದೆ ಬಿಟ್ಟದ್ದರ ಫಲಿತಾಂಶವನ್ನೂ ತೋರಿಸಲಾಯಿತು. ಆರಿಸಿದ್ದರ ವಿಷಯದಲ್ಲಿ ಅವರು ಒಳ್ಳೆಯ ಸುದ್ದಿಯಿಂದ ಹೆಚ್ಚು ಕಲಿತರು. ಬಿಟ್ಟದ್ದರ ವಿಷಯದಲ್ಲಿ ಕೆಟ್ಟ ಸುದ್ದಿಯಿಂದ ಹೆಚ್ಚು ಕಲಿತರು. ಒಟ್ಟಿನಲ್ಲಿ ತಮ್ಮ ಆಯ್ಕೆಯೇ ಸರಿಯೆಂದು ಹೇಳುವ ಸುದ್ದಿಗೆ ಕಿವಿಗೊಟ್ಟರು. ಇದನ್ನು ಅಹಂಕಾರವೆಂದು ತಳ್ಳಿಹಾಕಬಹುದಾಗಿತ್ತು. ಆದರೆ ಜೆರ್ಮೇನ್ ಲೆಫೆಬ್ವ್ರ್, ಕ್ರಿಸ್ಟೋಫರ್ ಸಮರ್‌ಫೀಲ್ಡ್ ಮತ್ತು ರಫಾಲ್ ಬೋಗಾಚ್ 2022ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಮಾದರಿಗಳಲ್ಲಿ, ಆಯ್ಕೆಯ ಹೊತ್ತಿಗೆ ಗೊಂದಲವಿರುವಾಗ ಇಂಥ ಪಕ್ಷಪಾತಿಯೇ ನಿಷ್ಪಕ್ಷಪಾತಿಗಿಂತ ಹೆಚ್ಚು ಗಳಿಸುತ್ತಾನೆಂದು ಕಂಡುಬಂತು.

ಇದನ್ನೂ ಲೆಕ್ಕ ಹಾಕಿ ನೋಡಬಹುದು. ಒಂದು ವಿಧಾನ ನೂರಕ್ಕೆ 60 ಸಲ, ಇನ್ನೊಂದು 40 ಸಲ ಫಲ ಕೊಡಲಿ. ಸಮರ್ಥಿಸುವ ಸುದ್ದಿಗೆ ಇಮ್ಮಡಿ ತೂಕವಿರಲಿ. ನೀವು ಸದಾ ಉತ್ತಮವಾದದ್ದನ್ನೇ ಆರಿಸುತ್ತಿದ್ದರೆ ನಿಮ್ಮ ಅಂದಾಜುಗಳು 75 ಮತ್ತು 25ರ ಬಳಿ ನಿಲ್ಲುತ್ತವೆ. 20 ಇದ್ದ ಅಂತರ 50 ಆಗಿದೆ. ದಣಿವು, ಅವಸರ, ಅನ್ಯಮನಸ್ಕತೆಗಳಿಂದ ಆಯ್ಕೆಯ ಕ್ಷಣದಲ್ಲಿ ಮನಸ್ಸು ಅತ್ತಿತ್ತ ತೂಗಿದರೂ, ಇಷ್ಟು ದೊಡ್ಡ ಅಂತರವನ್ನು ಅದು ಸುಲಭವಾಗಿ ದಾಟಲಾರದು. ನಮ್ಮ ನಿರ್ಧಾರಗಳಲ್ಲಿ ಗೊಂದಲ ಇದ್ದೇ ಇರುವುದರಿಂದ ಈ ರಕ್ಷಣೆ ಬೆಲೆಯುಳ್ಳದ್ದು.

ಆದರೆ ಆರಂಭದಲ್ಲಿಯೇ ತಪ್ಪಿ ಕಳಪೆಯಾದದ್ದನ್ನು ಹಿಡಿದುಕೊಂಡವನ ಗತಿಯೇನು? ಅದೇ ಲೆಕ್ಕದಲ್ಲಿ, 40 ಸಲ ಫಲ ಕೊಡುವ ವಿಧಾನಕ್ಕೆ ಅವನು 57 ಅಂಕ ಕೊಟ್ಟುಕೊಳ್ಳುತ್ತಾನೆ, ಬಿಟ್ಟ ಉತ್ತಮ ವಿಧಾನಕ್ಕೆ 43. ತಪ್ಪು ತನ್ನನ್ನು ತಾನೇ ಸಾಕಿಕೊಳ್ಳುತ್ತದೆ, ಮತ್ತು ಎಷ್ಟೇ ಅನುಭವವಾದರೂ ಅದು ತಾನಾಗಿ ತಿದ್ದಿಹೋಗುವುದಿಲ್ಲ. ಎರಡರ ನಡುವೆ ವ್ಯತ್ಯಾಸ ಇನ್ನೂ ದೊಡ್ಡದಾಗಿ, 70 ಮತ್ತು 30 ಎಂದಿದ್ದರೆ ಮಾತು ಬೇರೆ: ಆಗ ಕಳಪೆಯದಕ್ಕೆ 46, ಉತ್ತಮವಾದದ್ದಕ್ಕೆ 54 ಸಿಕ್ಕು, ಹಟಮಾರಿಯೂ ಕೊನೆಗೆ ದಾರಿ ಬದಲಿಸುತ್ತಾನೆ. ಅಂದರೆ ಈ ಪಕ್ಷಪಾತವು ದೊಡ್ಡ ತಪ್ಪುಗಳನ್ನು ಉಳಿಯಗೊಡುವುದಿಲ್ಲ. ಸಣ್ಣ ತಪ್ಪುಗಳನ್ನು ಮಾತ್ರ ಭದ್ರಪಡಿಸುತ್ತದೆ. ನನಗೆ ಈ ವಿಷಯದಲ್ಲಿ ಅತ್ಯಂತ ಸ್ವಾರಸ್ಯಕರವೆನಿಸುವುದು ಇದೇ.

ಹೀಗಾಗಿ ಕ್ರಮ ಹೀಗಿರಬೇಕು. ಮೊದಲ ಹಂತದಲ್ಲಿ ಪಕ್ಷಪಾತಕ್ಕೆ ಎಡೆಗೊಡಬೇಡಿ. ಎರಡು ವಿಧಾನಗಳಿದ್ದರೆ ಸರದಿಯ ಮೇಲೆ ಎರಡನ್ನೂ ಸಮಾನ ಸಲ ಪ್ರಯತ್ನಿಸಿ, ಎಷ್ಟು ಸಲವೆಂಬುದನ್ನು ಆರಂಭದಲ್ಲಿಯೇ ನಿಗದಿಪಡಿಸಿ, ಅಲ್ಲಿಯವರೆಗೆ ಯಾವುದರ ಮೇಲೂ ತೀರ್ಪು ಕೊಡಬೇಡಿ. ಎಣಿಕೆ ಮುಗಿದ ಮೇಲೆ ಮುಂದಿರುವುದನ್ನು ಆರಿಸಿಕೊಂಡು, ಅಲ್ಲಿಂದಾಚೆಗೆ ಪಕ್ಷಪಾತವನ್ನು ಬಿಚ್ಚುಮನಸ್ಸಿನಿಂದ ಒಪ್ಪಿಕೊಳ್ಳಿ: ಅದರ ಒಂದೆರಡು ಸೋಲುಗಳಿಗೆ ವಿಚಲಿತರಾಗಬೇಡಿ, ಬಿಟ್ಟ ವಿಧಾನದಿಂದ ಬೇರೆ ಯಾರಿಗೋ ಲಾಭವಾದ ಕಥೆಗಳಿಗೆ ಕಿವಿಗೊಡಬೇಡಿ. ಈ ಹಟದ ಅವಧಿಗೂ ಒಂದು ಕೊನೆಯ ದಿನವನ್ನು ಮುಂಚಿತವಾಗಿಯೇ ಬರೆದಿಟ್ಟಿರಬೇಕು. ಆ ದಿನ ಬಂದಾಗ ಬಿಟ್ಟ ವಿಧಾನವನ್ನು ಮತ್ತೆ ಕೆಲವು ಸಲ ಪರೀಕ್ಷಿಸಿ, ನೆನಪಿನ ಮೇಲಲ್ಲದೆ ಬರೆದಿಟ್ಟ ಎಣಿಕೆಯ ಮೇಲೆ ಹೋಲಿಸಿ.

ಕೊನೆಯ ದಿನ ಎಷ್ಟು ದೂರವಿರಬೇಕೆಂಬುದು ಪರಿಸ್ಥಿತಿ ಎಷ್ಟು ಬೇಗ ಬದಲಾಗುತ್ತದೆಂಬುದನ್ನು ಅವಲಂಬಿಸಿದೆ. ಪರಿಸ್ಥಿತಿ ಅಸ್ಥಿರವಾದಾಗ ಜನರು ತಾವಾಗಿಯೇ ಕಲಿಕೆಯ ದರವನ್ನು ಏರಿಸಿಕೊಳ್ಳುತ್ತಾರೆಂದು 2007ರಲ್ಲಿ ಟಿಮ್ ಬೆಹ್ರೆನ್ಸ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಆದರೂ ಒಮ್ಮೆ ಹಟ ಹಿಡಿದ ಮೇಲೆ ಆ ಸಹಜ ಎಚ್ಚರವನ್ನೇ ನಂಬಿ ಕೂರುವುದಕ್ಕಿಂತ ದಿನಾಂಕವನ್ನು ನಂಬುವುದು ಮೇಲು.

ಹೊಸದಕ್ಕೆ ಮುಂಗಡ ಆಸೆ

ಒಮ್ಮೆ ಕೈಸುಟ್ಟುಕೊಂಡವನು ಮತ್ತೆ ಅತ್ತ ಸುಳಿಯುವುದಿಲ್ಲ, ಮತ್ತು ಸುಳಿಯದಿರುವುದರಿಂದಲೇ ತನ್ನ ಅಂದಾಜು ತಪ್ಪಾಗಿತ್ತೆಂದು ಅವನಿಗೆ ತಿಳಿಯುವ ಅವಕಾಶವೂ ಇರುವುದಿಲ್ಲ. ಜೆರ್ಕರ್ ಡೆನ್ರೆಲ್ ಮತ್ತು ಜೇಮ್ಸ್ ಮಾರ್ಚ್ 2001ರಲ್ಲಿ ಇದನ್ನು ವಿವರವಾಗಿ ವಿಶ್ಲೇಷಿಸಿದರು. ಆಕಸ್ಮಿಕವಾಗಿ ಒಳ್ಳೆಯದೆನಿಸಿದ್ದನ್ನು ನಾವು ಮತ್ತೆ ಮುಟ್ಟುತ್ತೇವೆ, ಹಾಗಾಗಿ ಆ ತಪ್ಪು ಅಂದಾಜು ತಾನೇ ಸರಿಹೋಗುತ್ತದೆ. ಆಕಸ್ಮಿಕವಾಗಿ ಕೆಟ್ಟದೆನಿಸಿದ್ದನ್ನು ಮತ್ತೆ ಮುಟ್ಟುವುದಿಲ್ಲ, ಹಾಗಾಗಿ ಆ ತಪ್ಪು ಹಾಗೆಯೇ ಉಳಿಯುತ್ತದೆ. ಅತಿಯಾದ ಆಶೆ ತಾನೇ ಕರಗುವ ತಪ್ಪು. ಅತಿಯಾದ ನಿರಾಶೆ ಕರಗದ ತಪ್ಪು. ಯಂತ್ರಗಳಿಗೆ ಕಲಿಸುವವರೂ ಈ ಕಾರಣಕ್ಕೇ ಎಲ್ಲ ಆಯ್ಕೆಗಳಿಗೂ ಆರಂಭದಲ್ಲಿ ಬೇಕೆಂದೇ ಉಬ್ಬಿಸಿದ ಬೆಲೆ ಕೊಡುವ ಉಪಾಯವನ್ನು ಬಳಸುತ್ತಾರೆ. ಪ್ರತಿಯೊಂದನ್ನೂ ಪ್ರಯತ್ನಿಸಿ ನಿರಾಶೆಗೊಂಡ ಮೇಲೆಯೇ ಯಂತ್ರ ಅದನ್ನು ಕೈಬಿಡುತ್ತದೆ. ನೀವೂ ಹೊಸ ವಿಧಾನಕ್ಕೆ ಕನಿಷ್ಠ ಐದೋ ಆರೋ ಅವಕಾಶಗಳನ್ನು ಮೊದಲೇ ಮಂಜೂರು ಮಾಡಿಬಿಡಿ, ಮತ್ತು ಮೊದಲ ಫಲಿತಾಂಶ ಎಷ್ಟೇ ಕೆಟ್ಟದಾಗಿದ್ದರೂ ಆ ಎಣಿಕೆಯನ್ನು ಪೂರೈಸಿ.

ಆಸೆ ಮುನ್ನುಗ್ಗಿಸುತ್ತದೆ, ಭಯ ನಿಲ್ಲಿಸುತ್ತದೆ

ಪ್ರತಿಫಲದ ನಿರೀಕ್ಷೆಯಿದ್ದಾಗ ಮೈ ತಾನಾಗಿ ಮುನ್ನುಗ್ಗುತ್ತದೆ. ಶಿಕ್ಷೆಯ ನಿರೀಕ್ಷೆಯಿದ್ದಾಗ ತಾನಾಗಿ ಹಿಮ್ಮೆಟ್ಟುತ್ತದೆ. 2012ರಲ್ಲಿ ಮಾರ್ಕ್ ಗಿಟಾರ್ಟ್-ಮಸಿಪ್ ಮತ್ತು ಸಹೋದ್ಯೋಗಿಗಳು ಇದನ್ನು ನಾಲ್ಕು ಸನ್ನಿವೇಶಗಳಲ್ಲಿ ಪರೀಕ್ಷಿಸಿದರು. ಬಹುಮಾನಕ್ಕಾಗಿ ಗುಂಡಿ ಒತ್ತುವುದನ್ನೂ, ನಷ್ಟ ತಪ್ಪಿಸಲು ಸುಮ್ಮನಿರುವುದನ್ನೂ ಜನ ಸುಲಭವಾಗಿ ಕಲಿತರು. ಬಹುಮಾನಕ್ಕಾಗಿ ಸುಮ್ಮನಿರುವುದು, ನಷ್ಟ ತಪ್ಪಿಸಲು ಗುಂಡಿ ಒತ್ತುವುದು ಇವೆರಡೂ ಕಷ್ಟವಾದವು, ನಿಯಮಗಳು ತರ್ಕದ ದೃಷ್ಟಿಯಿಂದ ಅಷ್ಟೇ ಸರಳವಾಗಿದ್ದರೂ.

ಈ ಒಲವಿನ ವಿರುದ್ಧ ಈಜುವ ಬದಲು ಕೆಲಸದ ರೂಪವನ್ನೇ ಬದಲಿಸಬಹುದು. ಯಾವುದಾದರೂ ಕ್ರಿಯೆಯನ್ನು ಆರಂಭಿಸುವುದು ನಿಮ್ಮ ಗುರಿಯಾಗಿದ್ದರೆ ಅದಕ್ಕೆ ದಂಡವನ್ನು ಜೋಡಿಸಬೇಡಿ. ಅಭ್ಯಾಸಕ್ಕೆ ಕೂರದಿದ್ದರೆ ದಂಡವೆಂಬ ನಿಯಮವು, ಕೂರಲು ಬೇಕಾದ ಚಾಲನೆಯನ್ನೇ ಕುಗ್ಗಿಸುವ ಭಾವವನ್ನು ಹುಟ್ಟಿಸುತ್ತದೆ. ಕೂತ ಕೂಡಲೇ ಸಿಗುವ ಸಣ್ಣ ಪ್ರತಿಫಲ ಹೆಚ್ಚು ಕೆಲಸ ಮಾಡುತ್ತದೆ. ಇನ್ನು, ಏನನ್ನಾದರೂ ಮಾಡದಿರುವುದು ಗುರಿಯಾಗಿದ್ದು, ಅದಕ್ಕೆ ಪ್ರತಿಫಲ ಕೊಡುವುದಾದರೆ, ಸುಮ್ಮನಿರುವುದನ್ನು ಒಂದು ಕ್ರಿಯೆಯನ್ನಾಗಿ ಮಾರ್ಪಡಿಸಿ. ಫೋನನ್ನು ಮುಟ್ಟದಿರುವುದಕ್ಕೆ ಬಹುಮಾನವೆನ್ನುವ ಬದಲು, ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಬರುವುದಕ್ಕೆ ಬಹುಮಾನವೆಂದರೆ ಕಲಿಕೆ ಒಲವಿನ ದಿಕ್ಕಿನಲ್ಲಿಯೇ ಹರಿಯುತ್ತದೆ. ಮಕ್ಕಳಿಗೆ ಕಲಿಸುವವರಿಗೆ ಇದು ಅನುಭವದಿಂದಲೇ ಗೊತ್ತಿರುತ್ತದೆ. ದೊಡ್ಡವರು ತಮಗೆ ತಾವೇ ನಿಯಮ ಮಾಡಿಕೊಳ್ಳುವಾಗ ಮಾತ್ರ ಏಕೋ ಮರೆತುಬಿಡುತ್ತಾರೆ.

ಪಕ್ಕದ್ದಕ್ಕೆ ಹೋಲಿಸುವ ಅಳತೆ

ಸಿಕ್ಕಿದ್ದರ ಬೆಲೆಯನ್ನು ಆ ಸನ್ನಿವೇಶದಲ್ಲಿ ಸಿಗಬಹುದಾಗಿದ್ದ ಅತಿ ಕಡಿಮೆ ಮತ್ತು ಅತಿ ಹೆಚ್ಚಿನದರ ನಡುವೆ ಇಟ್ಟು ಅಳೆಯುವುದು ಮನುಷ್ಯರ ಇನ್ನೊಂದು ರೂಢಿ. ಇದರ ಲಾಭವೆಂದರೆ, ಸಣ್ಣ ಪ್ರತಿಫಲಗಳ ನಡುವಣ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಂಡು ಕಲಿಕೆ ನಿಲ್ಲದೆ ಸಾಗುತ್ತದೆ. ಆದ್ದರಿಂದ ಆರಂಭಿಕರು ತಮ್ಮ ಇಂದಿನ ಅಭ್ಯಾಸವನ್ನು ತಮ್ಮದೇ ಕಳೆದ ವಾರದ ಅಭ್ಯಾಸಕ್ಕೆ ಹೋಲಿಸಬೇಕು. ಅದೇ ಪುಟದಲ್ಲಿ ನುರಿತವರ ಮಟ್ಟವನ್ನು ಬರೆದಿಟ್ಟರೆ ಅಳತೆಗೋಲು ಉದ್ದವಾಗಿ, ತಮ್ಮ ಪ್ರಗತಿ ಅದರಲ್ಲಿ ಕಾಣಿಸದಷ್ಟು ಸಣ್ಣದಾಗುತ್ತದೆ.

ನಷ್ಟವಾಗುವುದು ಬೇರೆ ಬೇರೆ ಸನ್ನಿವೇಶಗಳಲ್ಲಿ ಕಲಿತದ್ದನ್ನು ಒಟ್ಟಿಗೆ ತಂದು ಹೋಲಿಸುವಾಗ. ಬಡ ಸನ್ನಿವೇಶದ ಅತ್ಯುತ್ತಮ ಆಯ್ಕೆಯನ್ನು, ಸಮೃದ್ಧ ಸನ್ನಿವೇಶದ ಎರಡನೆಯ ಆಯ್ಕೆಗಿಂತ ಮೇಲೆಂದು ಜನ ಪ್ರಯೋಗಗಳಲ್ಲಿ ಆರಿಸಿದ್ದಾರೆ, ಎರಡನೆಯದರ ನಿಜವಾದ ಬೆಲೆ ಹೆಚ್ಚಾಗಿದ್ದರೂ. ಅಂಥ ನಿರ್ಧಾರದ ಹೊತ್ತಿನಲ್ಲಿ ಮನಸ್ಸಿನ ಒಲವನ್ನು ಬದಿಗಿಟ್ಟು, ಎರಡನ್ನೂ ಒಂದೇ ಮಾನದಲ್ಲಿ, ಅಂದರೆ ಹಣ, ಗಂಟೆ ಅಥವಾ ಎಣಿಕೆಯಲ್ಲಿ, ಕಾಗದದ ಮೇಲೆ ಬರೆದು ನೋಡಿ.

ಎಲ್ಲಿ ಬಳಸಬಾರದು

ಮೇಲಿನ ಎಲ್ಲ ಲೆಕ್ಕಗಳೂ ಒಂದು ಸೋಲಿನ ಬೆಲೆ ಸಣ್ಣದು ಮತ್ತು ಪ್ರಯತ್ನಗಳು ಬಹಳ ಎಂಬ ಎರಡು ಷರತ್ತುಗಳ ಮೇಲೆ ನಿಂತಿವೆ. ಒಂದೇ ಸೋಲಿನಲ್ಲಿ ಜೀವವೋ ಇಡೀ ಉಳಿತಾಯವೋ ಹೋಗುವ ಕಡೆ ಆಶಾವಾದದ ದರಕ್ಕೆ ಜಾಗವಿಲ್ಲ. ಜೂಜಿನಲ್ಲಂತೂ ಪ್ರತಿಫಲ ವಿರಳವೆಂಬ ಷರತ್ತು ಪೂರೈಸಿದಂತೆ ಕಂಡರೂ, ಅಲ್ಲಿನ ಆಯ್ಕೆಗಳೆಲ್ಲವೂ ಸರಾಸರಿಯಲ್ಲಿ ನಷ್ಟದವೇ ಆಗಿರುವುದರಿಂದ, ಯಾವುದು ಮೇಲೆಂಬ ಸ್ಪಷ್ಟತೆಯಿಂದ ಸಿಗುವ ಲಾಭವೇನೂ ಇಲ್ಲ. ಉಬ್ಬಿದ ಅಂದಾಜು ಆಟಗಾರನನ್ನು ಮೇಜಿನಿಂದ ಏಳದಂತೆ ಹಿಡಿದಿಡುವ ಕೆಲಸವನ್ನಷ್ಟೇ ಮಾಡುತ್ತದೆ. ಏಳಬೇಕೋ ಕೂರಬೇಕೋ ಎಂಬ ಪ್ರಶ್ನೆ ಬಂದಾಗ ಅಂತರಕ್ಕಿಂತ ನಿಖರವಾದ ಮೊತ್ತವೇ ಮುಖ್ಯ.

ಇದೇ ಕಾರಣಕ್ಕೆ ಎರಡು ದಾಖಲೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಅಗತ್ಯ. ನಿಮ್ಮ ಅಭ್ಯಾಸದ ಪುಸ್ತಕದಲ್ಲಿ ಗೆಲುವುಗಳಿಗೆ ಪುಟಗಟ್ಟಲೆ ಜಾಗ ಕೊಡಿ. ಆದರೆ ಇನ್ನೊಂದು ಹಾಳೆಯಲ್ಲಿ, ಯಾವ ವಿವರಣೆಯೂ ಇಲ್ಲದೆ, ಪ್ರಯತ್ನಗಳ ಸಂಖ್ಯೆ ಮತ್ತು ಯಶಸ್ಸಿನ ಸಂಖ್ಯೆಯನ್ನು ಮಾತ್ರ ಬರೆಯುತ್ತ ಹೋಗಿ. ಇತರರಿಗೆ ಸಲಹೆ ಕೊಡುವಾಗ, ಹಣ ಹೂಡುವಾಗ, ಕೆಲಸವನ್ನೇ ಬಿಡಬೇಕೇ ಎಂದು ಯೋಚಿಸುವಾಗ ತೆರೆಯಬೇಕಾದದ್ದು ಆ ಎರಡನೆಯ ಹಾಳೆ. ನಾಳೆ ಬೆಳಗ್ಗೆ ಯಾವ ವಿಧಾನದಿಂದ ಆರಂಭಿಸಬೇಕೆಂದು ನೋಡಲು ಮೊದಲನೆಯ ಪುಸ್ತಕ ಸಾಕು.